ಚೆಕ್ಕುಬಂದಿ

ಹಳೆಯ ಪತ್ರದಲ್ಲಿ ಹೀಗಿದೆ:
ಮೂಡಲಿಗೆ ಹೊಳೆ, ಪಡುವಲಿಗೆ ಸಮುದ್ರ,
ತೆಂಕಲಿಗೆ ಜಟ್ಟಿ ಬಿನ್ ಪರಮ ಖಾರ್ವಿಯ ಏಳು ತೆಂಗು,
ಬಡಗಲಿಗೆ ಅಳಿವೆ.
ಇವುಗಳ ನಡುವೆ ಒಂದು ಎಕರೆ ಹನ್ನೊಂದು ಗುಂಟೆ
ಹೊಯ್ಗೆ.

ನಾನು ನವಲಗುಂದದ ಕಡೆಯವನು.
ನಮ್ಮಲ್ಲಿ ಬಾಂದಗಲ್ಲು ನೆಟ್ಟರೆ ನೆಟ್ಟಿತು;
ಅಣ್ಣತಮ್ಮಂದಿರು ರಾತ್ರಿ ಸರಿಸಿದರಷ್ಟೇ ಸರಿಯುತ್ತದೆ.
ಇಲ್ಲಿ, ಶರಾವತಿ ಕಡಲಿಗೆ ಬೀಳುವ ಈ ಟೊಂಕದಲ್ಲಿ
ಚೈನು ಬಿಚ್ಚಿ ನಿಂತಿದ್ದೇನೆ,
ನಕಾಶೆಯ ಪ್ರಕಾರ ತೆಂಗಿನ ನೆರಳಲ್ಲಿ,
ಮೈಯ ಪ್ರಕಾರ ಮೊಣಕಾಲುಮಟ್ಟ ನೀರಲ್ಲಿ.

ಬಳಚು ಆಯುತ್ತಿದ್ದ ಮಂಕಾಳಿ ಅಂಬಿಗ
ಬೆನ್ನು ನೆಟ್ಟಗೆ ಮಾಡಿ ನಕ್ಕಳು.
"ನಮ್ಮ ಎಕರೆ ಎಲ್ಲಿಗೂ ಓಡಿ ಹೋಗ್ಲಿಲ್ಲ ಸಾಹೇಬ್ರೆ,
ಆಚೆ ದಡದಾಗೆ ಹೋಗಿ ಕೂತದೆ.
ಹಕ್ಕಿ ಇಳಿತದಲ್ಲ, ಬೆಳ್ಳಗೆ? ಅದೇ."

ಪಾತಿದೋಣಿ ಬಂತು. ಹುಟ್ಟು ಹಾಕುತ್ತ
ಅವಳ ಮೈದುನ ದುರ್ಗಯ್ಯ, ಕೇಳದಿದ್ದರೂ, ಹೇಳಿದ:
ತೆರೆ ಓರೆಯಾಗಿ ಹತ್ತುತ್ತದೆ, ನೇರವಾಗಿ ಇಳಿಯುತ್ತದೆ.
ಹತ್ತುವಾಗ ಒಂದು ಕಾಳು ಹೊಯ್ಗೆಯನ್ನು
ಗೇಣಷ್ಟು ಬಡಗಲಿಗೆ ಎತ್ತಿ ಇಡುತ್ತದೆ.
ಮತ್ತೆ ಓರೆ, ಮತ್ತೆ ನೇರ,
ಗರಗಸದ ಹಲ್ಲಿನ ಹಾದಿ.
ದಡವನ್ನು ಕೊಯ್ಯುವುದೂ ಅದೇ ಗರಗಸ,
ಕೊಯ್ದ ಪುಡಿಯಲ್ಲಿ ಇನ್ನೊಂದು ದಡ ಮಾಡುವುದೂ.
ಅಳಿವೆಯ ಬಾಯಲ್ಲಿ ಹೊಳೆಯ ಸೆಳವು ಅಡ್ಡ ಸಿಕ್ಕು
ತೆರೆ ಸುಸ್ತಾಗಿ ಕೈಬಿಟ್ಟಲ್ಲಿ ದಿಬ್ಬ;
ದಿಬ್ಬಕ್ಕೆ ಬಾಲ ಬೆಳೆದು
ಬಾಲ ಕೊಕ್ಕೆಯಾಗಿ ಒಳಕ್ಕೆ ಬಾಗಿ
ಹೊಳೆ ಬೇರೆ ಬಾಗಿಲು ಹುಡುಕುವವರೆಗೆ.

ಆಷಾಢದ ಕಡಲು ಕೈಗಡ ಕೇಳುವುದಿಲ್ಲ, ಒಯ್ಯುತ್ತದೆ.
ಕಾರ್ತಿಕ ಕಳೆದ ಮೇಲೆ ಸಣ್ಣ ತೆರೆಗಳ ಕೈಯಲ್ಲಿ
ಕಂತುಕಂತಾಗಿ ವಾಪಸು ಕಳಿಸುತ್ತದೆ.
ಮೊದಲೆಲ್ಲ ಅಸಲಾದರೂ ಬರುತ್ತಿತ್ತಂತೆ.
ಮೇಲೆ ಘಟ್ಟದಲ್ಲಿ ಕಟ್ಟೆ ಕಟ್ಟಿದ ಮೇಲೆ
ನೀರು ಇಳಿಯುತ್ತದೆ, ಗುಡ್ಡದ ಪುಡಿ ಇಳಿಯುವುದಿಲ್ಲ.
"ಬರಿಗೈಯ ಹೊಳೆ
ಕಡಲ ಹತ್ರ ಏನಂತ ವಾದ ಮಾಡ್ತದೆ ಹೇಳಿ."

ನಾನು ಹೇಳಲಿಲ್ಲ. ದೂರದಲ್ಲಿ ಬಸವರಾಜದುರ್ಗ,
ಚಿರೇಕಲ್ಲಿನ ಚಪ್ಪಟೆ ನೆತ್ತಿ,
ಯಾರೋ ಮಣೆ ಹಾಕಿಟ್ಟು ಮರೆತ ಹಾಗೆ.
ಒಂದಾದರೂ ಗಟ್ಟಿ ಗುರುತು ಸಿಕ್ಕಿತೆಂದು
ದುರ್ಬೀನು ಅತ್ತ ತಿರುಗಿಸಿದೆ.
"ಅದೂ ಬುಡದಾಗೆ ತಿನ್ಸ್ಕಳ್ತಾ ಅದೆ," ಅಂದ.
ಗವಿಯಾಗುತ್ತದೆ, ಗವಿಯ ಚಾವಣಿ ಕಳಚುತ್ತದೆ,
ಊರಿನವರು ಗುಡುಗು ಅಂದುಕೊಂಡು
ಒಣಗಿದ ಮೀನು ಒಳಗೆ ತೆಗೆಯುತ್ತಾರೆ.

ಆಚೆ ದಡ. ಹೊಸ ನೆಲ ಇನ್ನೂ ಬಿಸಿಲಿಗೆ ಹಸಿ.
ನನಗಿಂತ ಮೊದಲು ಬಂದು
ಅಡುಂಬು ಬಳ್ಳಿ ಖಾತೆ ಮಾಡಿಸಿಕೊಂಡಿತ್ತು,
ಗಂಟುಗಂಟಿಗೆ ಬೇರು ಇಳಿಸಿ,
ಅಲ್ಲಲ್ಲಿ ನೇರಳೆ ಹೂವಿನ ಮೊಹರು ಒತ್ತಿ.
ಮಂಕಾಳಿ ಕೂತು ಒಂದು ಹಿಡಿ ಹೊಯ್ಗೆ ತೆಗೆದು
ಅಕ್ಕಿ ನೋಡುವಂತೆ ನೋಡಿದಳು.
ಹೆಂಚಿನ ಚೂರು, ಕಪ್ಪು ಕಲ್ಲಿನ ಕಣ, ಚಿಪ್ಪಿನ ಪುಡಿ.
"ನಮ್ಮದೇ," ಅಂದಳು.
ಅವಳ ಅತ್ತೆ ಒಲೆ ಹೂಡಿದ್ದು ಇದರ ಮೇಲೆ,
ಇದು ಆ ಕಡೆ ಇದ್ದಾಗ.

ಈ ದಡ ಬೇರೆ ಗ್ರಾಮ, ಬೇರೆ ನಕಾಶೆ.
ಇಲ್ಲಿನ ದಫ್ತರದಲ್ಲಿ ಈ ಜಾಗ ಇನ್ನೂ ನೀರು.
ದೋಣಿಯ ಹಲಗೆಯ ಮೇಲೆ ಮಹಜರು ಬರೆದೆ:
ಸದರಿ ಜಮೀನು ಸ್ಥಳದಲ್ಲಿ ಇರುವುದಿಲ್ಲ.
ಓದಿ ಹೇಳಿದೆ.
ಅವಳು ಹೆಬ್ಬೆಟ್ಟು ಒತ್ತಲಿಲ್ಲ.
"ಮನೆ ಯಜಮಾನ ಕಡಲಿಗೆ ಹೋದಾಗ ಯಾರಾದರೂ ಬಂದರೆ
'ಇಲ್ಲ' ಅಂತ ನಾವು ಹೇಳುವುದಿಲ್ಲ.
'ಹೊರಗೆ ಹೋಗಿದ್ದಾರೆ' ಅಂತ ಬರೀರಿ."

ನಮೂನೆಯಲ್ಲಿ ಆ ಕಾಲಂ ಇಲ್ಲ.
ಪೆನ್ನು ತೆರೆದಿಟ್ಟು ಸುಮ್ಮನೆ ಕೂತೆ.
ಅಷ್ಟರಲ್ಲಿ ಉಬ್ಬರ ಏರತೊಡಗಿತು,
ಅವಳು ಬುಟ್ಟಿ ಸೊಂಟಕ್ಕಿಟ್ಟು ನಡೆದಳು.
ಚೈನು ಸುತ್ತುತ್ತಿದ್ದೆ, ಕೊನೆಯ ಕೊಂಡಿ
ಹೊಯ್ಗೆಯಡಿ ಎಲ್ಲೋ ಸಿಕ್ಕಿಕೊಂಡಿತ್ತು.
ಎಳೆದೆ.
ಆ ಕಡೆಯಿಂದಲೂ
ಯಾರೋ ಮೆಲ್ಲಗೆ ಎಳೆದರು.